42 ಚೆಕ್, ಒಂದ್ರಲ್ಲೂ ಎಂಡಿ ಸೈನ್ ಇಲ್ಲ: ಹೋಗಿದ್ದು ಯಾರ ದುಡ್ಡು?

ಬ್ಯಾಂಕಿಂಗ್ ಕಾನೂನು ಓದೋರೆಲ್ಲ ಒಂದಲ್ಲ ಒಂದು ಸಲ ಈ ಕೇಸ್ ಮುಟ್ಟೇ ಮುಟ್ಟಿರ್ತಾರೆ, ಕೆನರಾ ಬ್ಯಾಂಕ್ ವಿರುದ್ಧ ಕೆನರಾ ಸೇಲ್ಸ್ ಕಾರ್ಪೊರೇಷನ್, ಸುಪ್ರೀಂ ಕೋರ್ಟ್, 1987. ಹೆಸ್ರು ಒಂದೇ ಥರ ಇದೆ ಅಂತ ಗೊಂದಲ ಮಾಡ್ಕೋಬೇಡಿ, ಒಂದು ಬ್ಯಾಂಕು, ಇನ್ನೊಂದು ಆ ಬ್ಯಾಂಕಲ್ಲಿ ಕರೆಂಟ್ ಅಕೌಂಟ್ ಇಟ್ಕೊಂಡಿದ್ದ ಕಂಪನಿ. ಪರೀಕ್ಷೆಗೆ ಅಂತ ಎರಡು ಸಾಲಲ್ಲಿ ನೆನಪಿಟ್ಕೊಂಡು ಬಿಟ್ಬಿಡೋ ಕೇಸ್ ಇದಲ್ಲ, ನಿಧಾನಕ್ಕೆ ಬಿಚ್ಚಿ ನೋಡಿದ್ರೆ ಚೆಕ್ ಅನ್ನೋ ಕಾಗದದ ಹಿಂದೆ ಯಾರಿಗೆ ಯಾವ ಜವಾಬ್ದಾರಿ ಇದೆ ಅನ್ನೋದು ಪೂರ್ತಿ ಇದೊಂದ್ರಲ್ಲೇ ಸಿಗತ್ತೆ.

ನಡೆದಿದ್ದು ಇಷ್ಟು. ಕಂಪನಿ ಬ್ಯಾಂಕಿಗೆ ಕೊಟ್ಟಿದ್ದ ಸೂಚನೆ ಪ್ರಕಾರ ಮ್ಯಾನೇಜಿಂಗ್ ಡೈರೆಕ್ಟರ್ (ಎಂಡಿ) ಸೈನ್ ಇದ್ರೆ ಮಾತ್ರ ಚೆಕ್ ಪಾಸ್ ಮಾಡ್ಬೇಕು. ಆದ್ರೆ ಚೆಕ್‌ಬುಕ್ ಇರ್ತಿದ್ದಿದ್ದು ಲೆಕ್ಕಪತ್ರ ನೋಡ್ಕೊಳ್ತಿದ್ದ ನೌಕರನ ಹತ್ರ. ಇದ್ರಲ್ಲಿ ವಿಶೇಷ ಏನೂ ಇಲ್ಲ, ಇವತ್ತಿಗೂ ನಮ್ಮ ಊರಿನ ಯಾವ ಟ್ರೇಡಿಂಗ್ ಕಂಪನಿಗೆ ಹೋಗಿ ನೋಡಿ, ಯಜಮಾನ್ರು ಸೈನ್ ಮಾಡ್ತಾರೆ, ಚೆಕ್‌ಬುಕ್ ಮಾತ್ರ ಅಕೌಂಟ್ಸ್ ನೋಡೋರ ಡ್ರಾಯರಲ್ಲೇ ಇರತ್ತೆ. 1961ರಲ್ಲಿ ಇನ್ನೊಬ್ಬ ಅಕೌಂಟೆಂಟ್ ಲೆಕ್ಕ ತಾಳೆ ನೋಡ್ತಿರೋವಾಗ ಒಂದು ಚೆಕ್ ಮೇಲಿನ ಸೈನ್ ಯಾಕೋ ಸರಿ ಕಾಣ್ಲಿಲ್ಲ. ಎಂಡಿಗೆ ತೋರ್ಸಿದ್ರು, ಅವ್ರು ಇದು ನಂದಲ್ಲ ಅಂದ್ರು. ಅಲ್ಲಿಂದ ಹಿಂದಕ್ಕೆ ಕೆದಕ್ತಾ ಹೋದ್ರೆ ಒಂದಲ್ಲ ಎರಡಲ್ಲ, 42 ಚೆಕ್, ಒಟ್ಟು 3,26,047 ರೂಪಾಯಿ 92 ಪೈಸೆ, ಎಲ್ಲದರಲ್ಲೂ ನಕಲಿ ಸೈನ್. ಒಂದು ದಿನದ ಕೆಲಸಾನೂ ಅಲ್ಲ, ವರ್ಷಗಟ್ಟಲೆ ನಡ್ಕೊಂಡು ಬಂದಿದ್ದು. ಕಂಪನಿ ತಕ್ಷಣ ಪೊಲೀಸ್ ಕಂಪ್ಲೇಂಟ್ ಕೊಡ್ತು, ಲೆಕ್ಕ ಪೂರ್ತಿ ಮತ್ತೆ ತಪಾಸಣೆ ಮಾಡಿಸ್ತು, ಆಮೇಲೆ ಬ್ಯಾಂಕಿನ ಮೇಲೆ ದಾವೆ ಹಾಕ್ತು: ನಾವು ಹೇಳದೇ ನೀವು ಕೊಟ್ಟಿದೀರಿ, ನಮ್ಮ ಖಾತೆಗೆ ವಾಪಸ್ ಹಾಕಿ.

ಬ್ಯಾಂಕಿನ ವಾದ ಕೇಳಿದ್ರೆ ಯಾರಿಗಾದ್ರೂ ಹೌದಲ್ವಾ ಅನ್ಸತ್ತೆ. ಕದ್ದೋನು ನಿಮ್ಮದೇ ನೌಕರ, ಅವನನ್ನ ಕೆಲಸಕ್ಕೆ ಇಟ್ಕೊಂಡಿದ್ದು ನೀವು, ಚೆಕ್‌ಬುಕ್ ಅವನ ಕೈಗೆ ಕೊಟ್ಟಿದ್ದು ನೀವು, ನಾವು ಪಾಸ್‌ಬುಕ್ ಬರ್ಕೊಟ್ಟಿದೀವಿ ಸ್ಟೇಟ್‌ಮೆಂಟ್ ಕಳ್ಸಿದೀವಿ, ಇಷ್ಟು ವರ್ಷ ನೀವು ಒಂದು ಸಲನಾದ್ರೂ ಇದು ತಪ್ಪು ಅಂತ ಬಾಯಿ ಬಿಟ್ರಾ, ನೀವು ಮೊದಲನೇ ಚೆಕ್ಕಿಗೇ ಹೇಳಿದ್ದಿದ್ರೆ ಉಳಿದ ಚೆಕ್‌ಗಳು ಆಗ್ತಾನೇ ಇರ್ಲಿಲ್ಲ, ಹಂಗಾಗಿ ನಷ್ಟ ನಿಮ್ಮ ತಲೆ ಮೇಲೇ ಇರ್ಲಿ. ಟ್ರಯಲ್ ಕೋರ್ಟ್ ಒಪ್ಲಿಲ್ಲ. ನಮ್ಮ ಹೈಕೋರ್ಟೂ ಒಪ್ಲಿಲ್ಲ. ಬ್ಯಾಂಕ್ ಸುಪ್ರೀಂ ಕೋರ್ಟಿಗೆ ಹೋಯ್ತು, 1987ರ ಏಪ್ರಿಲಲ್ಲಿ ನ್ಯಾಯಮೂರ್ತಿ ಖಾಲಿದ್ ಮತ್ತು ನ್ಯಾಯಮೂರ್ತಿ ಓಝಾ ಅವರ ಪೀಠ ಅಲ್ಲೂ ಬ್ಯಾಂಕಿನ ಮೇಲ್ಮನವಿ ವಜಾ ಮಾಡ್ತು. ಮೋಸ ಹೊರಗೆ ಬಿದ್ದು 26 ವರ್ಷ ಆಗಿತ್ತು.

ಯಾಕೆ ಅನ್ನೋದೇ ಇಲ್ಲಿ ಮುಖ್ಯ. ನಾವೆಲ್ಲ ಮಾತಾಡೋವಾಗ ನನ್ನ ದುಡ್ಡು ಬ್ಯಾಂಕಲ್ಲಿದೆ ಅಂತೀವಿ, ಅಲ್ಲೆಲ್ಲೋ ಒಂದು ಪೆಟ್ಟಿಗೇಲಿ ನಮ್ಮ ಹೆಸ್ರು ಬರೆದು ಇಟ್ಟಿದಾರೆ ಅನ್ನೋ ಹಾಗೆ. ಕಾನೂನಿನ ಲೆಕ್ಕ ಬೇರೆ. ಡೆಪಾಸಿಟ್ ಮಾಡಿದ ಕ್ಷಣಕ್ಕೆ ಆ ದುಡ್ಡು ಬ್ಯಾಂಕಿಂದಾಯ್ತು, ಬ್ಯಾಂಕ್ ನಮಗೆ ಸಾಲಗಾರ ಆಯ್ತು, ನಾವು ಕೇಳಿದಾಗ ಅಷ್ಟು ವಾಪಸ್ ಕೊಡೋ ಸಾಲಗಾರ. ಚೆಕ್ ಅಂದ್ರೆ ನನಗೆ ಕೊಡ್ಬೇಕಾದ ಸಾಲದಲ್ಲಿ ಇಷ್ಟನ್ನ ಇಂಥೋರಿಗೆ ಕೊಡು ಅಂತ ನಾವು ಬರೆಯೋ ಆದೇಶ. ಆ ಆದೇಶ ನಮ್ದೇ ಆಗಿದ್ರೆ ಬ್ಯಾಂಕ್ ಕೊಟ್ಟಷ್ಟು ನಮ್ಮ ಖಾತೆಯಿಂದ ಕಳೀಬೋದು. ಆದೇಶನೇ ನಮ್ದಲ್ಲ ಅಂದ್ರೆ? ಆಗ ಬ್ಯಾಂಕ್ ಯಾರಿಗೋ ತನ್ನ ದುಡ್ಡು ಕೊಟ್ಕೊಂಡಿದೆ ಅಷ್ಟೇ, ನಮಗೆ ಕೊಡ್ಬೇಕಾದ ಸಾಲ ಹಂಗೇ ಇದೆ. ಆ ನೌಕರ 42 ಸಲ ಎತ್ಕೊಂಡು ಹೋಗಿದ್ದು ಕಂಪನಿ ದುಡ್ಡಲ್ಲ, ಬ್ಯಾಂಕಿನ ದುಡ್ಡು. ಬ್ಯಾಂಕ್ ಕಂಪನಿ ಖಾತೇಲಿ ಹಾಕಿದ ಡೆಬಿಟ್ ಎಂಟ್ರಿಗೆ ಬೆಲೆನೇ ಇಲ್ಲ. ಈ ಒಂದು ವಿಷ್ಯ ತಲೇಲಿ ಕೂತ್ಕೊಂಡ್ರೆ ಮಿಕ್ಕಿದ್ದೆಲ್ಲ ತಾನಾಗೇ ಬಿಡಿಸ್ಕೊಳತ್ತೆ, ಬ್ಯಾಂಕಿನೋರು ಹುಷಾರಾಗಿ ನೋಡಿದ್ರಾ ಇಲ್ವಾ, ಸೈನ್ ಎಷ್ಟು ಚೆನ್ನಾಗಿ ಹೊಂದ್ತಿತ್ತು ಅನ್ನೋದೆಲ್ಲ ಆಮೇಲಿನ ಮಾತು, ಆದೇಶನೇ ಇಲ್ಲದ ಮೇಲೆ ಎಷ್ಟೇ ಎಚ್ಚರದಿಂದ ಕೊಟ್ಟಿದ್ರೂ ಕೊಟ್ಟಿದ್ದು ಕೊಟ್ಟೋರದ್ದೇ.

ಇಷ್ಟು ಓದಿ ಬ್ಯಾಂಕ್ ಕೆಲಸದಲ್ಲಿರೋರು ಕೇಳ್ತಾರೆ, ಹಂಗಾದ್ರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಲ್ಲಿ ನಮಗೆ ರಕ್ಷಣೆ ಇದೆ ಅಂತಾರಲ್ಲ ಅದೇನು? ಇದೆ, ಚೆನ್ನಾಗೇ ಇದೆ, ಆದ್ರೆ ಎಲ್ಲಿಂದ ಶುರುವಾಗತ್ತೆ ಅಂತ ನೋಡ್ಬೇಕು. ಸೆಕ್ಷನ್ 85 ತಗೊಳ್ಳಿ. ನಾನು ನಿಮ್ಮ ಹೆಸ್ರಿಗೆ ಒಂದು ಆರ್ಡರ್ ಚೆಕ್ (ನಿಮಗೆ ಇಲ್ಲಾ ನೀವು ಹಿಂದೆ ಸೈನ್ ಹಾಕಿ ಹೇಳಿದೋರಿಗೆ ಮಾತ್ರ ದುಡ್ಡು ಸಿಗೋ ಚೆಕ್) ಬರೆದೆ, ದಾರೀಲಿ ಯಾರೋ ಅದನ್ನ ಹೊಡ್ಕೊಂಡು ಹಿಂದುಗಡೆ ನಿಮ್ಮ ಸೈನ್ ತಾನೇ ಗೀಚಿ ದುಡ್ಡು ತಗೊಂಡ. ಬ್ಯಾಂಕ್ ಸರಿಯಾದ ರೀತೀಲಿ ಪಾವತಿ ಮಾಡಿದ್ರೆ ಅದಕ್ಕೆ ತೊಂದ್ರೆ ಇಲ್ಲ, ನನ್ನ ಖಾತೆಯಿಂದ ಕಳ್ಕೋಬೋದು. ಯಾಕಂದ್ರೆ ನಿಮ್ಮ ಸೈನ್ ಹೆಂಗಿರತ್ತೆ ಅಂತ ನನ್ನ ಬ್ಯಾಂಕಿಗೆ ಗೊತ್ತಿರೋಕೆ ಸಾಧ್ಯನೇ ಇಲ್ಲ, ಊರಲ್ಲಿರೋ ಪ್ರತಿಯೊಬ್ಬ ಪೇಯೀ (ಚೆಕ್ ಯಾರ ಹೆಸ್ರಿಗಿದೆಯೋ ಅವ್ರ) ಸೈನೂ ಪರೀಕ್ಷೆ ಮಾಡು ಅಂದ್ರೆ ಬ್ಯಾಂಕ್ ನಡೆಯಲ್ಲ. ಬೇರರ್ ಚೆಕ್ಕಾದ್ರೆ ಇನ್ನೂ ಸುಲಭ, ಹಿಂದೆ ಯಾರು ಏನೇ ಬರೆದಿರ್ಲಿ, ತಂದೋನಿಗೆ ಸರಿಯಾಗಿ ಕೊಟ್ರೆ ಮುಗೀತು. ಸೆಕ್ಷನ್ 89, ಮೊತ್ತ ತಿದ್ದಿದಾರೆ ಆದ್ರೆ ತಿದ್ದಿದ್ದು ಮೇಲ್ನೋಟಕ್ಕೆ ಕಾಣಲ್ಲ, ಅಂಥದ್ದನ್ನ ಬ್ಯಾಂಕ್ ಸರಿಯಾಗಿ ಪಾವತಿ ಮಾಡಿದ್ರೆ ಅಲ್ಲೂ ರಕ್ಷಣೆ. ಸೆಕ್ಷನ್ 128, ಕ್ರಾಸ್ ಮಾಡಿದ (ಮುಂದೆ ಎರಡು ಗೆರೆ ಎಳೆದ) ಚೆಕ್ಕನ್ನ ಇನ್ನೊಂದು ಬ್ಯಾಂಕಿಗೇ ಕೊಟ್ಟಿದ್ರೆ ನಿಜವಾದ ಹಕ್ಕುದಾರನಿಗೆ ಕೊಟ್ಟ ಹಾಗೇ ಲೆಕ್ಕ. ಅದೇ ಕ್ರಾಸ್ ಚೆಕ್ಕಿಗೆ ಕೌಂಟರಲ್ಲಿ ಕ್ಯಾಶ್ ಕೊಟ್ಟು ಕೂತ್ರೆ ಸೆಕ್ಷನ್ 129 ಪ್ರಕಾರ ಆ ಹಕ್ಕುದಾರನ ನಷ್ಟ ಬ್ಯಾಂಕೇ ತುಂಬ್ಬೇಕು.

ಈ ಸರಿಯಾದ ರೀತಿ ಅಂದ್ರೆ ಏನು ಅನ್ನೋದು ಸೆಕ್ಷನ್ 10ರಲ್ಲಿದೆ. ಚೆಕ್ ಮೇಲೆ ಹೆಂಗೆ ಬರೆದಿದ್ಯೋ ಹಂಗೇ ಕೊಟ್ಟಿರ್ಬೇಕು, ಸದ್ಭಾವನೆ ಇರ್ಬೇಕು, ಅಜಾಗರೂಕತೆ ಇರ್ಬಾರ್ದು, ತಂದೋನ ಮೇಲೆ ಅನುಮಾನ ಪಡೋಕೆ ಕಾರಣ ಇರ್ಬಾರ್ದು. ಒಂದು ತಪ್ಪಿದ್ರೂ ರಕ್ಷಣೆ ಹೋಯ್ತು.

ಈಗ ಹುಡುಕಿ ನೋಡಿ, ಚೆಕ್ ಬರೆದೋನ ಸೈನೇ ನಕಲಿ ಆದಾಗ ಪಾವತಿ ಮಾಡಿದ ಬ್ಯಾಂಕನ್ನ ಕಾಪಾಡೋ ಸೆಕ್ಷನ್ ಯಾವ್ದು? ಇಲ್ಲ. ಪೇಯೀ ಸೈನ್ ನಕಲಿ ಅಂದ್ರೆ ರಕ್ಷಣೆ ಇದೆ, ಅಂಕಿ ತಿದ್ದಿದ್ರೆ ಇದೆ, ಡ್ರಾಯರ್, ಅಂದ್ರೆ ಚೆಕ್ ಬರೆದೋನ ಸೈನ್ ನಕಲಿ ಆದ್ರೆ ಇಲ್ಲ. ಇದನ್ನ ಬರೆಯೋಕೆ ಮರ್ತಿದಾರೆ ಅಂತ ಅನ್ಕೋಬೇಡಿ. ಡ್ರಾಯರ್ ಸೈನೊಂದನ್ನ ಮಾತ್ರ ಬ್ಯಾಂಕ್ ಹೋಲಿಸಿ ನೋಡ್ಬೋದು, ಖಾತೆ ತೆಗೆಯೋ ದಿನ ಸ್ಪೆಸಿಮನ್ ಸಿಗ್ನೇಚರ್ ಅಂತ ತಗೊಂಡಿಟ್ಕೊಳ್ಳೋದು ಇನ್ಯಾತಕ್ಕೆ? ಮೇಲಿನ ಎಲ್ಲಾ ರಕ್ಷಣೆಗಳೂ ಅಸಲಿ ಸೈನ್ ಇರೋ ಚೆಕ್ಕಿಂದಾನೇ ಶುರುವಾಗೋದು, ಆ ಒಂದು ಸೈನ್ ಇಲ್ಲ ಅಂದ್ರೆ ಅದು ಕಾನೂನಿನ ಕಣ್ಣಿಗೆ ನಿಮ್ಮ ಚೆಕ್ಕೇ ಅಲ್ಲ.

ಅದಕ್ಕೇ ಬ್ಯಾಂಕಿನ ಲಾಯರ್‌ಗಳು ಸೆಕ್ಷನ್ ಬಿಟ್ಟು ಗ್ರಾಹಕನ ನಿರ್ಲಕ್ಷ್ಯ ಅನ್ನೋ ದಾರಿ ಹಿಡೀತಾರೆ, ಈ ಕೇಸಲ್ಲೂ ಹಿಡಿದ್ರು. ಅದು ಪೂರ್ತಿ ಮುಚ್ಚಿದ ದಾರಿ ಏನಲ್ಲ. 1918ರಲ್ಲಿ ಇಂಗ್ಲೆಂಡಿನ ಆಗಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಮ್ಯಾಕ್‌ಮಿಲನ್ ಕೇಸ್ ಬಂದಿತ್ತು. ಒಂದು ಸಂಸ್ಥೆಯ ಗುಮಾಸ್ತ 2 ಪೌಂಡಿಗೆ ಅಂತ ಚೆಕ್ ತಂದು ಪಾಲುದಾರರ ಮುಂದೆ ಹಿಡಿದ, ಅಂಕಿ ಜಾಗದಲ್ಲಿ 2ರ ಹಿಂದೆ ಮುಂದೆ ಖಾಲಿ, ಅಕ್ಷರದಲ್ಲಿ ಬರೆಯೋ ಜಾಗ ಪೂರ್ತಿ ಖಾಲಿ, ಅವ್ರು ಅವಸರದಲ್ಲಿ ಸೈನ್ ಹಾಕಿದ್ರು, ಅವನು ಆ ಕಡೆ 1 ಈ ಕಡೆ 0 ಸೇರಿಸಿ 120 ಮಾಡಿ ಅಕ್ಷರದಲ್ಲೂ ಅದನ್ನೇ ಬರೆದು ದುಡ್ಡು ಎತ್ತಿದ. ಅಲ್ಲಿ ಸಂಸ್ಥೆ ಸೋತಿತು, ಬ್ಯಾಂಕ್ ಗೆದ್ದಿತು. ಯಾಕಂದ್ರೆ ಅಲ್ಲಿ ಸೈನ್ ಅಸಲಿ, ಎಡವಟ್ಟಾಗಿದ್ದು ಚೆಕ್ ಬರೆಯೋದ್ರಲ್ಲೇ. ಗ್ರಾಹಕನಿಗೆ ಇರೋ ಮೊದಲನೇ ಕರ್ತವ್ಯ ಇದು: ಚೆಕ್ ಬರೆಯೋವಾಗ ಇನ್ನೊಬ್ರು ತಿದ್ದೋಕೆ ಅನುಕೂಲ ಆಗೋ ಹಾಗೆ ಬರೀಬಾರ್ದು.

ಎರಡನೇ ಕರ್ತವ್ಯ ಗ್ರೀನ್‌ವುಡ್ ಅನ್ನೋ ಇನ್ನೊಂದು ಇಂಗ್ಲಿಷ್ ಕೇಸಿಂದ ಬಂತು, ಅದೂ ಹೌಸ್ ಆಫ್ ಲಾರ್ಡ್ಸಿನದ್ದೇ, ಅದರ ಸಂಗತಿ ಓದಿದ್ರೆ ಮನಸ್ಸು ಭಾರ ಆಗತ್ತೆ. ಹೆಂಡತಿ ಗಂಡನ ಸೈನ್ ಹಾಕಿ ದುಡ್ಡು ತೆಗೀತಿದ್ಲು, ಗಂಡನಿಗೆ ಗೊತ್ತಾಯ್ತು, ಆದ್ರೂ ತಿಂಗಳುಗಟ್ಟಲೆ ಬ್ಯಾಂಕಿಗೆ ಹೇಳ್ದೇ ಸುಮ್ನಿದ್ದ, ಆಮೇಲೆ ಬ್ಯಾಂಕಿಗೆ ಹೇಳ್ತೀನಿ ಅಂದಾಗ ಆಕೆ ಜೀವ ಕಳ್ಕೊಂಡ್ಲು, ಅದಾದ್ಮೇಲೆ ಗಂಡ ಬ್ಯಾಂಕಿನ ಮೇಲೆ ಕೇಸ್ ಹಾಕ್ದ. ಕೋರ್ಟ್ ಹೇಳಿದ್ದು, ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಿಂದ ಬ್ಯಾಂಕಿಗೆ ವಸೂಲಿ ಮಾಡೋ ಅವಕಾಶನೇ ತಪ್ಪೋಯ್ತು, ಈಗ ಅದು ನಕಲಿ ಅಂತ ಹೇಳೋ ಹಕ್ಕು ನಿನಗಿಲ್ಲ. ಕಾನೂನಲ್ಲಿ ಇದನ್ನ ಎಸ್ಟಾಪಲ್ ಅಂತಾರೆ.

ಹಂಗಾಗಿ ಗ್ರಾಹಕನ ಕರ್ತವ್ಯ ಎರಡೇ, ಬರೆಯೋವಾಗ ಎಚ್ಚರ, ನಕಲಿ ಅಂತ ಗೊತ್ತಾದ ಕೂಡ್ಲೇ ಹೇಳೋದು. ಚೆಕ್‌ಬುಕ್ ಜೋಪಾನ ಮಾಡ್ಲಿಲ್ಲ ಅನ್ನೋದು ಬ್ಯಾಂಕಿನ ರಕ್ಷಣೆಗೆ ಬರಲ್ಲ ಅಂತ ನಮ್ಮ ಸುಪ್ರೀಂ ಕೋರ್ಟೇ ಬಿಹ್ತಾ ಸಹಕಾರ ಅಭಿವೃದ್ಧಿ ಮತ್ತು ಕಬ್ಬು ಮಾರಾಟ ಯೂನಿಯನ್ ಹಾಗೂ ಬ್ಯಾಂಕ್ ಆಫ್ ಬಿಹಾರ್ ನಡುವಿನ ಕೇಸಲ್ಲಿ ಹೇಳಿಯಾಗಿತ್ತು, ಅದು ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಅನ್ನೋ ತೀರ್ಪುಗಳ ಸಂಗ್ರಹದ 1967ರ ಸಂಪುಟದಲ್ಲಿದೆ. ಅಲ್ಲಿ ಇಬ್ರು ಸೈನ್ ಮಾಡ್ಬೇಕಿತ್ತು, ಇಬ್ರಲ್ಲಿ ಒಬ್ರ ಸೈನ್ ನಕಲಿ ಆದ್ರೂ ಸಾಕು ಆದೇಶ ಇಲ್ಲ ಅಂತಾನೇ ಅರ್ಥ ಅಂತ ಕೋರ್ಟ್ ಅಂದಿದೆ. ಜಾಯಿಂಟ್ ಖಾತೆ, ಸಂಘ ಟ್ರಸ್ಟುಗಳ ಖಾತೆ ನಡ್ಸೋರು ಇದನ್ನ ಗಮನಿಸ್ಬೇಕು, ಕಾರ್ಯದರ್ಶಿ ಸೈನ್ ಅಸಲಿ ಇದೆಯಲ್ಲ ಬಿಡಿ ಅಂತ ಬ್ಯಾಂಕ್ ಹೇಳೋ ಹಾಗಿಲ್ಲ.

ಆದ್ರೂ ಒಂದು ಪ್ರಶ್ನೆ ಉಳ್ಕೊಳತ್ತೆ, ಕೆನರಾ ಸೇಲ್ಸ್ ಕೇಸಿನ ತಿರುಳು ಅದೇ. ಗೊತ್ತಿದ್ದೂ ಸುಮ್ನಿದ್ರೆ ತಪ್ಪು, ಸರಿ. ಗೊತ್ತೇ ಆಗದೇ ಸುಮ್ನಿದ್ರೆ? ಸ್ಟೇಟ್‌ಮೆಂಟ್ ನೋಡಿದ್ರೆ ಗೊತ್ತಾಗ್ತಿತ್ತು, ನೋಡ್ಲಿಲ್ಲ, ಅದು ತಪ್ಪಲ್ವಾ? ಕಾಲಕ್ಕೆ ಸರಿಯಾಗಿ 1985ರಲ್ಲಿ ಆಗ ಹಾಂಗ್‌ಕಾಂಗಿಗೆ ಕೊನೆ ಮೇಲ್ಮನವಿ ಕೋರ್ಟ್ ಆಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿತ್ತು, ಹಾಂಗ್‌ಕಾಂಗಿನ ತಾಯ್ ಹಿಂಗ್ ಕಾಟನ್ ಮಿಲ್ ಕೇಸಲ್ಲಿ. ಅಲ್ಲೂ ಅಕೌಂಟ್ಸ್ ಗುಮಾಸ್ತನೇ, ಎಂಡಿ ಸೈನ್ ನಕಲಿ ಮಾಡಿ ಸುಮಾರು 300 ಚೆಕ್, ಸುಮಾರು 55 ಲಕ್ಷ ಹಾಂಗ್‌ಕಾಂಗ್ ಡಾಲರ್, ವರ್ಷಗಳ ಕಾಲ. ಲಾರ್ಡ್ ಸ್ಕಾರ್ಮನ್ ತೀರ್ಪಲ್ಲಿ, ಮೇಲಿನ ಎರಡು ಬಿಟ್ರೆ ಸ್ಟೇಟ್‌ಮೆಂಟ್ ಪರೀಕ್ಷೆ ಮಾಡೋ ಮೂರನೇ ಕರ್ತವ್ಯ ಅಂತ ಗ್ರಾಹಕನ ಮೇಲೆ ಕಾನೂನು ಹೇರಲ್ಲ ಅಂತ ಹೇಳಿದ್ರು. ನಮ್ಮ ಸುಪ್ರೀಂ ಕೋರ್ಟ್ ಅದೇ ತರ್ಕ ಒಪ್ಕೊಳ್ತು, ಒಪ್ಕೊಂಡು ಮುಂದೆ ತನ್ನದೇ ಮಾತೂ ಸೇರಿಸ್ತು. ಪಾಸ್‌ಬುಕ್ಕಲ್ಲಿ ಸ್ಟೇಟ್‌ಮೆಂಟಲ್ಲಿ ಬರೆದಿರೋದು ಓದೋಕೇ ಆಗಲ್ಲ ಅನ್ನೋದು ಎಲ್ರಿಗೂ ಗೊತ್ತಿರೋ ವಿಷ್ಯ, ಗ್ರಾಹಕ ಪ್ರತಿ ಎಂಟ್ರಿನೂ ಭೂತಗನ್ನಡಿ ಇಟ್ಕೊಂಡು ನೋಡ್ಲೇಬೇಕು ಅಂತ ಬ್ಯಾಂಕ್‌ಗಳು ಹಟ ಹಿಡಿದ್ರೆ ಯಾವ ಬ್ಯಾಂಕಿಗೂ ವ್ಯಾಪಾರ ಆಗಲ್ಲ, ಬ್ಯಾಂಕಿನ ವ್ಯವಹಾರ ನಿಂತಿರೋದೇ ನಂಬಿಕೆ ಮೇಲೆ ಅನ್ನೋ ಅರ್ಥದಲ್ಲಿ ಬರೆದಿದಾರೆ. ಎಷ್ಟು ಕಾಲ ಸುಮ್ನಿದ್ರು ಅನ್ನೋದೊಂದೇ ಬ್ಯಾಂಕಿಗೆ ಬಿಡುಗಡೆ ಕೊಡಲ್ಲ, ಗ್ರಾಹಕನಿಗೆ ನಕಲಿ ಅಂತ ತಿಳಿದಿತ್ತು ಅಂತ ಬ್ಯಾಂಕೇ ಸಾಬೀತು ಮಾಡ್ಬೇಕು. ಈ ಕಂಪನಿ ಗೊತ್ತಾದ ತಕ್ಷಣ ಓಡಾಡಿತ್ತು, ಅದನ್ನೂ ಕೋರ್ಟ್ ಗುರುತಿಸಿದೆ.

ನನ್ನ ಮಟ್ಟಿಗೆ ಈ ತೀರ್ಪು ಸರಿ. ಪೆಟ್ಟು ಬೀಳೋದು ಗಟ್ಟಿ ಇರೋ ಬ್ಯಾಂಕಿನ ಮೇಲೆ ತಾನೇ ಅನ್ನೋ ಸುಲಭದ ಕಾರಣಕ್ಕೆ ಈ ಮಾತು ಹೇಳ್ತಿಲ್ಲ. ನಷ್ಟ ತನ್ನದೇ ಅಂತ ಗೊತ್ತಿದ್ರೆ ಮಾತ್ರ ಬ್ಯಾಂಕ್ ಸೈನ್ ನೋಡೋ ಕೆಲಸಕ್ಕೆ ಜನ ಇಡತ್ತೆ, ಮಷೀನ್ ಇಡತ್ತೆ, ಇನ್ಶೂರೆನ್ಸ್ ಮಾಡಿಸತ್ತೆ. ಗ್ರಾಹಕನ ಮೇಲೆ ಹಾಕಿದ್ರೆ ಯಾರೂ ನೋಡಲ್ಲ.

ಹಂಗಂತ ಬ್ಯಾಂಕಲ್ಲಿ ಚೆಕ್ ಪಾಸ್ ಮಾಡೋ ಸೀಟಲ್ಲಿ ಕೂತೋರ ಕಷ್ಟ ಕಷ್ಟ ಅಲ್ಲ ಅಂತಲ್ಲ. ಆ ಕಾಲದ ಬ್ರಾಂಚ್ ನೆನೆಸ್ಕೊಳ್ಳಿ. ಕೌಂಟರಲ್ಲಿ ಚೆಕ್ ಕೊಟ್ರೆ ಹಿತ್ತಾಳೆ ಟೋಕನ್, ಚೆಕ್ ಲೆಡ್ಜರ್ ಕೀಪರ್ ಹತ್ರ ಹೋಗಿ ಬ್ಯಾಲೆನ್ಸ್ ನೋಡಿ ಪೋಸ್ಟ್ ಆಗಿ, ಅಲ್ಲಿಂದ ಆಫೀಸರ್ ಮೇಜಿಗೆ, ಆಫೀಸರ್ ಸ್ಪೆಸಿಮನ್ ಕಾರ್ಡ್ ತೆಗೆದು ಪಕ್ಕ ಪಕ್ಕ ಇಟ್ಟು ನೋಡ್ಬೇಕು, ಆದ್ರೆ ವಾರ ವಾರ ಬರೋ ಕಂಪನಿ, ಪರಿಚಯದ ಮುಖ, ಪರಿಚಯದ ಸೈನ್, ಕಾರ್ಡ್ ತೆಗೆಯೋದು ಕ್ರಮೇಣ ನಿಂತ್ಹೋಗತ್ತೆ. ಅತ್ತ ಅನುಮಾನ ಪಟ್ಟು ಅಸಲಿ ಚೆಕ್ಕನ್ನ ವಾಪಸ್ ಕಳ್ಸಿದ್ರೆ ಸೆಕ್ಷನ್ 31 ಕಾಯ್ತಿರತ್ತೆ, ಖಾತೇಲಿ ದುಡ್ಡಿದ್ದೂ ಕೊಡ್ಬೇಕಾದ ಚೆಕ್ ಕೊಡ್ಲಿಲ್ಲ ಅಂದ್ರೆ ಬರೆದೋನಿಗೆ ಆದ ನಷ್ಟ ಬ್ಯಾಂಕ್ ತುಂಬ್ಬೇಕು, ವ್ಯಾಪಾರಸ್ಥನ ಚೆಕ್ ಸುಮ್ ಸುಮ್ನೆ ಬೌನ್ಸ್ ಆದ್ರೆ ಅವನ ಮಾರ್ಕೆಟ್ ಹೆಸ್ರೇ ಹೋಗತ್ತೆ. ಕೊಟ್ರೂ ಅಪಾಯ, ಕೊಡ್ದಿದ್ರೂ ಅಪಾಯ, ನಡುವೆ ಇರೋದು ಕೆಲವೇ ನಿಮಿಷ.

ಈಗಿನ ಪರಿಸ್ಥಿತೀಲಿ ಚೆಕ್ಕೇ ಪ್ರಯಾಣ ಮಾಡಲ್ಲ. ಚೆಕ್ ಟ್ರಂಕೇಷನ್ ಸಿಸ್ಟಮ್ (ಸಿಟಿಎಸ್) ಬಂದ್ಮೇಲೆ ಕಾಗದ ಜಮಾ ಮಾಡಿದ ಬ್ಯಾಂಕಲ್ಲೇ ಉಳಿಯತ್ತೆ, ಪಾವತಿ ಮಾಡೋ ಬ್ಯಾಂಕಿಗೆ ಹೋಗೋದು ಸ್ಕ್ಯಾನ್ ಆದ ಚಿತ್ರ. ಸಿಟಿಎಸ್ 2010 ಅಂತ ಒಂದೇ ಮಾದರಿಯ ಚೆಕ್ ಬಂತು, ಸಿಟಿಎಸ್ ಇಂಡಿಯಾ ಅನ್ನೋ ವಾಟರ್‌ಮಾರ್ಕ್, ಝೆರಾಕ್ಸ್ ಮಾಡಿದ್ರೆ ವಾಯ್ಡ್ ಅಂತ ಎದ್ದು ಕಾಣೋ ಪ್ಯಾಂಟೋಗ್ರಾಫ್, ಅಲ್ಟ್ರಾವಯಲೆಟ್ ದೀಪದಲ್ಲಿ ಮಾತ್ರ ಕಾಣೋ ಶಾಯಿ. ಇದೆಲ್ಲ ನಕಲಿ ಹಾಳೆ ಹಿಡಿಯೋಕೆ ಚೆನ್ನಾಗಿದೆ, ಆದ್ರೆ ಕೆನರಾ ಸೇಲ್ಸಲ್ಲಿ ಹಾಳೆ ಕಂಪನಿಯ ಚೆಕ್‌ಬುಕ್ಕಿನದ್ದೇ. ಸೈನ್ ಮಾತ್ರ ನಕಲಿ ಆದಾಗ ಇದ್ಯಾವುದೂ ಉಪಯೋಗಕ್ಕೆ ಬರಲ್ಲ. ಆ ಜಾಗಕ್ಕೆ ಬಂದಿದ್ದು ಪಾಸಿಟಿವ್ ಪೇ. 2021ರ ಜನವರಿ 1ರಿಂದ 50,000 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ಚೆಕ್ಕಿಗೆ, ನಂಬರು ದಿನಾಂಕ ಪೇಯೀ ಹೆಸ್ರು ಮೊತ್ತ ಇಷ್ಟನ್ನ ಗ್ರಾಹಕ ಮುಂಚೇನೇ ಬ್ಯಾಂಕಿಗೆ ತಿಳ್ಸೋ ವ್ಯವಸ್ಥೆ ರಿಸರ್ವ್ ಬ್ಯಾಂಕ್ ತಂದಿದೆ, 5 ಲಕ್ಷ ಮತ್ತು ಮೇಲ್ಪಟ್ಟಿದ್ದಕ್ಕೆ ಬ್ಯಾಂಕ್‌ಗಳು ಕಡ್ಡಾಯ ಮಾಡ್ಬೋದು ಅಂತಾನೂ ಹೇಳಿದೆ. ಇಲ್ಲೊಂದು ಸೂಕ್ಷ್ಮ ಇದೆ, ಆ ವಿವರ ಅಪ್‌ಲೋಡ್ ಮಾಡೋ ಲಾಗಿನ್ನೂ ಅದೇ ಅಕೌಂಟೆಂಟ್ ಕೈಲಿದ್ರೆ ಏನೂ ಪ್ರಯೋಜನ ಆಗ್ಲಿಲ್ಲ. ಸೈನ್ ಮಾಡೋರ ಫೋನಿಗೇ ಎಸ್ಎಂಎಸ್ ಬರ್ಬೇಕು, ಪಾಸಿಟಿವ್ ಪೇ ಅವ್ರೇ ಮಾಡ್ಬೇಕು.

ಇನ್ನೊಂದು, ಜನ ಬೆರಸ್ಕೊಳ್ಳೋ ವಿಷ್ಯ. ಮೂರು ವರ್ಕಿಂಗ್ ದಿನದೊಳಗೆ ಹೇಳಿದ್ರೆ ನಷ್ಟ ಇಲ್ಲ, ಏಳು ದಿನ ಆದ್ರೆ ಇಷ್ಟು ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆ ಎಲೆಕ್ಟ್ರಾನಿಕ್ ವ್ಯವಹಾರಕ್ಕೆ, ಕಾರ್ಡು ನೆಟ್‌ಬ್ಯಾಂಕಿಂಗ್ ಅಂಥದ್ದಕ್ಕೆ ಮಾಡಿದ್ದು. ನಕಲಿ ಸೈನ್ ಚೆಕ್ಕಿಗೆ ಆ ಲೆಕ್ಕ ಹಚ್ಚಿ ಏಳು ದಿನ ಕಳೀತು ನಿಮ್ದು ಮುಗೀತು ಅಂತ ಯಾರಾದ್ರೂ ಕೌಂಟರಲ್ಲಿ ಅಂದ್ರೆ ಒಪ್ಕೋಬೇಡಿ.

ಬ್ಯಾಂಕಿಗೆ ಸುಪ್ರೀಂ ಕೋರ್ಟ್ ಒಂದು ಬಾಗಿಲು ಬಿಟ್ಟಿದೆ, ಗ್ರಾಹಕನ ಜೊತೆ ಒಪ್ಪಂದದಲ್ಲೇ ಸ್ಪಷ್ಟ ಷರತ್ತು ಇದ್ರೆ, ಅಥವಾ ಗ್ರಾಹಕ ಗೊತ್ತಿದ್ದು ನಿಸ್ಸಂದೇಹವಾಗಿ ಒಪ್ಕೊಂಡಿದ್ರೆ ಬ್ಯಾಂಕ್ ಉಳ್ಕೋಬೋದು. ಅದಕ್ಕೇ ಖಾತೆ ತೆಗೆಯೋ ಫಾರ್ಮಲ್ಲಿ, ಸ್ಟೇಟ್‌ಮೆಂಟಿನ ಕೆಳಗೆ, ಇಷ್ಟು ದಿನದಲ್ಲಿ ತಕರಾರು ಬರ್ದಿದ್ರೆ ಸರಿ ಅಂತ ಭಾವಿಸ್ತೀವಿ ಅನ್ನೋ ಸಾಲು ಸಣ್ಣ ಅಕ್ಷರದಲ್ಲಿ ಕಾಣೋದು. ಅದು ಸಾಕಾ? ತಾಯ್ ಹಿಂಗ್ ಕೇಸಲ್ಲೂ ಮೂರು ಬ್ಯಾಂಕ್‌ಗಳು ಇಂಥ ಸಾಲುಗಳನ್ನ ತೋರ್ಸಿದ್ವು, ಪ್ರಿವಿ ಕೌನ್ಸಿಲ್ ಒಪ್ಲಿಲ್ಲ, ನಕಲಿ ಚೆಕ್ಕಿನ ನಷ್ಟ ನಿನ್ನ ಮೇಲೆ ಬೀಳತ್ತೆ ಅನ್ನೋದು ಗ್ರಾಹಕನಿಗೆ ಮನದಟ್ಟಾಗೋ ಹಾಗೆ ಬರೆದಿರ್ಬೇಕು ಅಂದ್ರು. ಆದ್ರೂ ಕರೆಂಟ್ ಅಕೌಂಟ್ ಇರೋರು ಸೈನ್ ಹಾಕೋಕೆ ಮುಂಚೆ ಆ ಪುಟ ಓದಿ.

ನಿಮ್ಮ ಆಫೀಸಲ್ಲೇ ಇಂಥದ್ದು ಕಣ್ಣಿಗೆ ಬಿದ್ರೆ ಜನ ಮಾಡೋ ದೊಡ್ಡ ಎಡವಟ್ಟು ಮನೆ ಮರ್ಯಾದೆ ಅಂತ ಒಳಗೊಳಗೇ ಪಂಚಾಯ್ತಿ ಮಾಡೋದು, ಹುಡುಗ ನಮ್ಮೋರೇ, ತಿಂಗಳು ತಿಂಗಳು ಕಟ್ತೀನಿ ಅಂದಿದಾನೆ, ಬ್ಯಾಂಕಿಗೆ ಯಾಕೆ ಹೇಳೋದು ಅಂತ ಸುಮ್ನಾಗೋದು. ಗ್ರೀನ್‌ವುಡ್ ಕೇಸಿನ ಗಂಡ ಸೋತಿದ್ದು ಅಲ್ಲೇ. ಗೊತ್ತಾದ ದಿನವೇ ಬ್ಯಾಂಕಿಗೆ ಬರವಣಿಗೇಲಿ ಕೊಡಿ, ಕಾಪಿ ಮೇಲೆ ಸೀಲು ತಾರೀಖು ಹಾಕಿಸ್ಕೊಳ್ಳಿ, ಪೊಲೀಸ್ ಕಂಪ್ಲೇಂಟ್ ಮಾಡಿ. ಜೊತೆಗೇ ಮೂಲ ಚೆಕ್‌ಗಳನ್ನ ತೆಗೆದಿಡಿ ಅಂತ ಅದೇ ಪತ್ರದಲ್ಲಿ ಕೇಳಿ, ಕ್ಲಿಯರಿಂಗಲ್ಲಿ ಬಂದ ಚೆಕ್ಕಾದ್ರೆ ಕಾಗದ ಇರೋದು ಜಮಾ ಮಾಡಿದ ಬ್ಯಾಂಕಲ್ಲಿ, ಅಲ್ಲಿಂದ ತರ್ಸೋ ಹಕ್ಕು ನಿಮ್ಮ ಬ್ಯಾಂಕಿಗಿದೆ. ಕೈಬರಹ ತಜ್ಞರಿಗೆ ಪೆನ್ ಎಲ್ಲಿ ಒತ್ತಿದೆ, ಎಲ್ಲಿ ತಡೆದು ನಿಂತಿದೆ ಅಂತ ನೋಡೋಕೆ ಅಸಲಿ ಕಾಗದನೇ ಬೇಕು, ಸ್ಕ್ಯಾನ್ ಚಿತ್ರದಲ್ಲಿ ಅದು ಸಿಗಲ್ಲ.